ವಾಷಿಂಗ್ ಮಷಿನ್ ನೀರು ಹೊರಗೆ ಹಾಕ್ತಿರಲಿಲ್ಲ, ಸರಿಯಾಗಿದ್ದು ಹಿಂಗೆ

ದಾವಣಗೆರೆ, ಬೋರ್ ನೀರು, ಫ್ರಂಟ್ ಲೋಡ್ ಮಷಿನ್. ಡ್ರೇನ್‌ಗೆ ಬಂದಾಗ ಪಂಪ್ ಗುಂಯ್ ಅಂತಿತ್ತು ಅಷ್ಟೇ, ನೀರು ಡ್ರಮ್ಮಲ್ಲೇ. ಆಫ್ ಮಾಡಿ ಆನ್ ಮಾಡಿದ್ದು, ಗಡಸು ನೀರಿನ ಕರೆ ತೆಗೆಯೋ ಡಿಸ್ಕೇಲ್ ಪೌಡರ್ ಹಾಕಿದ್ದು, ಹೊರಗಿನ ಪೈಪ್ ಬಿಚ್ಚಿ ತೊಳೆದಿದ್ದು ಯಾವ್ದೂ ಉಪಯೋಗ ಆಗ್ಲಿಲ್ಲ, ಕೆಳಗಿನ ಫಿಲ್ಟರ್ ತೊಳೆದ್ರೂ ಅದೇ ಕತೆ.

ತೊಂದ್ರೆ ಇದ್ದಿದ್ದು ಫಿಲ್ಟರ್ ಹಿಂದೆ. ಮೊದ್ಲು ಪ್ಲಗ್ ಕೀಳ್ರಿ, ನಲ್ಲಿ ಬಂದ್ ಮಾಡ್ರಿ, ನೀರು ಬಿಸಿ ಇದ್ರೆ ಆರೋ ತನಕ ಕಾಯ್ರಿ, ಫಿಲ್ಟರ್ ಪಕ್ಕದ ಸಣ್ಣ ಪೈಪಿಂದ ನೀರೆಲ್ಲ ಬಸಿದು ಆಮೇಲೆ ಫಿಲ್ಟರ್ ಎಡಕ್ಕೆ ತಿರುಗಿಸಿ ತೆಗೆದು ಒಳಗೆ ಟಾರ್ಚ್ ಬಿಡ್ರಿ, ಪಂಪಿನ ರೆಕ್ಕೆ ಕಾಣುತ್ತೆ. ಕಡ್ಡಿಯಿಂದ ತಿರುಗಿಸಿದ್ರೆ ತಡೆತಡೆದು ತಿರುಗ್ಬೇಕು, ಒಳಗೆ ಮ್ಯಾಗ್ನೆಟ್ ಇರೋದ್ರಿಂದ ಹಂಗೆ, ಅದು ಕೆಟ್ಟಿದ್ದಲ್ಲ. ನಮ್ದು ಅಲುಗ್ತಾನೇ ಇರಲಿಲ್ಲ, ಬುಡದಲ್ಲಿ ದಾರ ಸುತ್ಕೊಂಡು ಬ್ಲೌಸ್ ಹುಕ್ ಸಿಕ್ಕಿತ್ತು, ಚಿಮಟದಲ್ಲಿ ಎಳೆದೆ. ಫಿಲ್ಟರ್ ಬಿಗಿ ಮಾಡಿ ಬಟ್ಟೆ ಇಲ್ದೆ ರಿನ್ಸ್ ಹಾಕಿದ್ರೆ ನೀರು ಪೂರ್ತಿ ಹೋಯ್ತು, ಸ್ಪಿನ್ನೂ ಆಯ್ತು.