‘ಕೊಲೆ’ ಎನ್ನುವ ಮಾತು: ಐರ್ಲೆಂಡಿನ ಮನೆ ಬಾಗಿಲುಗಳಲ್ಲಿ ನನ್ನ ಅನುಭವ

2018ರ ಏಪ್ರಿಲ್ ಕೊನೆಯ ವಾರ. ರಾಸ್ಕಾಮನ್ ಕೌಂಟಿಯ ಒಂದು ಸಣ್ಣ ಊರು. ಗರ್ಭಪಾತಕ್ಕೆ ಅಡ್ಡವಾಗಿದ್ದ ಸಂವಿಧಾನದ ತಿದ್ದುಪಡಿಯನ್ನು ತೆಗೆಯಲು ‘ಹೌದು’ ಎಂದು ಓಟು ಹಾಕಿ ಎಂದು ಮನೆಮನೆಗೆ ಹೋಗಿ ಕೇಳುತ್ತಿದ್ದೆ. ಜಿಟಿಜಿಟಿ ಮಳೆ. ಬಾಗಿಲು ತೆರೆದ ಹಿರಿಯರು ನನ್ನ ಕೋಟಿನ ಮೇಲಿದ್ದ ‘ಟಾ’ ಬ್ಯಾಡ್ಜನ್ನು ನೋಡಿದರು. ಐರಿಷ್ ಭಾಷೆಯಲ್ಲಿ ಅದಕ್ಕೆ ‘ಹೌದು’ ಎಂದರ್ಥ. ಆಮೇಲೆ ನನ್ನ ಮುಖ ನೋಡಿದರು.

“ಇಂಡಿಯಾದವಳಾ?”

“ಹೌದು.”

“ನಿಮ್ಮಲ್ಲಿ ಹೊಟ್ಟೆಯಲ್ಲಿರುವುದು ಹೆಣ್ಣೆಂದು ಗೊತ್ತಾದರೆ ತೆಗೆಸಿಬಿಡುತ್ತಾರಂತೆ. ಅದನ್ನು ಏನೆಂದು ಕರೆಯುತ್ತೀರಿ?”

“ಹತ್ಯೆ” ಅಂದೆ. ಯೋಚಿಸಿ ಆಡಿದ ಮಾತಲ್ಲ. ಚಿಕ್ಕಂದಿನಿಂದ ಪೇಪರಿನಲ್ಲಿ ಓದಿದ್ದೇ ಆ ಶಬ್ದ: ಹೆಣ್ಣು ಭ್ರೂಣ ಹತ್ಯೆ.

“ಹಾಗಾದರೆ ಇಲ್ಲಿ ಬಂದು ಯಾವುದಕ್ಕೆ ಓಟು ಕೇಳುತ್ತಿದ್ದೀಯಮ್ಮ?”

ನನಗೆ ಮಾತು ಹೊರಡಲಿಲ್ಲ. ಅವರು ಬೈಯಲಿಲ್ಲ, ಬಾಗಿಲನ್ನು ದಢಾರನೆ ಹಾಕಲೂ ಇಲ್ಲ. ಮಳೆಯಲ್ಲಿ ನೆನೆಯಬೇಡ, ಹುಷಾರು ಎಂದು ಹೇಳಿ ಒಳಗೆ ಹೋದರು. ಕೈಯಲ್ಲಿದ್ದ ಹಾಳೆಯಲ್ಲಿ ಆ ಮನೆ ನಂಬರಿನ ಮುಂದೆ ‘ಇಲ್ಲ’ ಎಂದು ಗುರುತು ಹಾಕಿ ಮುಂದಿನ ಮನೆಗೆ ನಡೆದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಗದಗ ಕಡೆಯವಳು, ವೃತ್ತಿಯಲ್ಲಿ ನರ್ಸ್. ಐರ್ಲೆಂಡಿಗೆ ಬಂದು ಹದಿನೈದು ವರ್ಷ ದಾಟಿದೆ. ಈ ದೇಶದ ಪೌರತ್ವ ಪಡೆದದ್ದರಿಂದ ಜನಮತಗಣನೆಯಲ್ಲಿ ನನಗೂ ಓಟಿತ್ತು. ಪ್ರಚಾರಕ್ಕೆ ಇಳಿಯಲು ಕಾರಣ ಸವಿತಾ ಹಾಲಪ್ಪನವರ. ನಮ್ಮ ಬೆಳಗಾವಿಯ ಹುಡುಗಿ, ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರ್‌ನಲ್ಲಿ 17 ವಾರದ ಬಸಿರು ನಿಲ್ಲುವುದಿಲ್ಲ ಎಂದು ಗಾಲ್ವೇಯ ಆಸ್ಪತ್ರೆಯಲ್ಲಿ ಖಚಿತವಾಗಿತ್ತು. ತೆಗೆದುಬಿಡಿ ಎಂದು ಗಂಡ ಹೆಂಡತಿ ಇಬ್ಬರೂ ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವ ತನಕ ಆಗುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತೂ ಅಲ್ಲಿ ಬಂದಿತ್ತು. ಅದನ್ನು ಆಡಿದ ಸೂಲಗಿತ್ತಿ ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ಅಕ್ಟೋಬರ್ 28ರಂದು ನಂಜೇರಿ ಸವಿತಾ ತೀರಿಕೊಂಡಳು. ಆ ಸುದ್ದಿ ಓದಿದ ದಿನ ನಾನು ರಾತ್ರಿ ಪಾಳಿಯಲ್ಲಿದ್ದೆ. ಅವಳ ಹಾಸಿಗೆಯ ಪಕ್ಕ ನಮ್ಮ ಮಾತು ಆಡುವ ಒಬ್ಬ ನರ್ಸಾದರೂ ಇದ್ದಿದ್ದರೆ ಎಂದು ಎಷ್ಟೋ ದಿನ ಅನ್ನಿಸುತ್ತಿತ್ತು. ಇದ್ದರೂ ಕಾನೂನು ಅದೇ ಆಗಿರುತ್ತಿತ್ತು.

ಕಾನೂನು ಎಂದರೆ ಸಂವಿಧಾನದ ಎಂಟನೇ ತಿದ್ದುಪಡಿ. ಹುಟ್ಟದ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮಸಮ ಎಂದು 1983ರಲ್ಲಿ ಜನರೇ ಓಟು ಹಾಕಿ ಸೇರಿಸಿದ್ದು. ಅದನ್ನು ತೆಗೆಯಬೇಕೋ ಬೇಡವೋ ಎಂಬುದೇ 2018ರ ಮೇ 25ರ ಪ್ರಶ್ನೆಯಾಗಿತ್ತು.

ಆ ಹಿರಿಯರ ಪ್ರಶ್ನೆಯನ್ನು ಮರುದಿನ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅವ್ವ ರೋಣ ತಾಲೂಕಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಎಎನ್‌ಎಂ ಆಗಿದ್ದವಳು, ಊರ ಮಂದಿಗೆಲ್ಲ ನರ್ಸಮ್ಮ. 1971ರಲ್ಲೇ ನಮ್ಮಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು ಬಂದಿದ್ದರೂ ದವಾಖಾನೆಗೆ ಬರಲು ಹೆದರಿ, ಬಸಿರಿಳಿಸಲು ಎಕ್ಕದ ಕಡ್ಡಿ ಹಾಕಿಸಿಕೊಂಡು, ಮೈಯೆಲ್ಲ ಸುಡುತ್ತ, ಚಕ್ಕಡಿಯಲ್ಲಿ ಮಲಗಿ ಬಂದವರನ್ನು ಅವಳು ಕಂಡಿದ್ದಾಳೆ. ಅವರಲ್ಲಿ ಕೆಲವರು ಉಳಿಯಲಿಲ್ಲ.

“ಅವ್ವಾ, ಹೆಣ್ಣು ಅಂತ ತೆಗಿಸಿದ್ರ ಹತ್ಯೆ ಅಂತೀವಿ. ಬ್ಯಾರೆ ಕಾರಣಕ್ಕಾದ್ರ ‘ತೆಗಿಸಿಕೊಂಡ್ಲು’ ಅಂತೀವಿ. ಹೊಟ್ಟ್ಯಾಗ ಇದ್ದದ್ದು ಎರಡೂ ಕಡೆ ಒಂದೇ ಅಲ್ಲೇನು?”

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನಾ ಎರಡೂ ನೋಡೀನಿ. ಬ್ಯಾಡಾಗಿ ತೆಗಿಸ್ಕೊಳ್ಳಾಕ ಬರೋವಾಕಿ ಒಬ್ಬಾಕೇ ಬರ್ತಿದ್ಲು, ಮಂದಿ ಕಣ್ಣು ತಪ್ಪಿಸಿ. ಹೆಣ್ಣಂತ ತೆಗಿಸಾಕ ಬರೋವಾಕಿ ಹಿಂದ ನಾಕು ಮಂದಿ ಬರ್ತಿದ್ರು. ಆಕಿ ಬಾಯಿ ತಗೀತಿರ್ಲಿಲ್ಲ, ಅತ್ತಿನೇ ಮಾತಾಡಾಕಿ.”

ನಾನು ಹುಡುಕುತ್ತಿದ್ದ ಎಳೆ ಅಲ್ಲಿ ಸಿಕ್ಕಿತು. ಒಂದೇ ಕ್ರಿಯೆಗೆ ಎರಡು ಹೆಸರಿಟ್ಟು ನಾನು ನನಗೇ ಮೋಸ ಮಾಡಿಕೊಂಡಿದ್ದೆ. ‘ಹತ್ಯೆ’ ಎಂದ ಕೂಡಲೇ ಒಳಗಿದ್ದದ್ದು ಪೂರ್ಣ ಮನುಷ್ಯಜೀವ ಎಂದು ಒಪ್ಪಿಕೊಂಡಂತೆ. ಆಮೇಲೆ ಇನ್ನೊಬ್ಬಳ ಬಸಿರಿಗೆ ಬೇರೆ ಮಾತು ಹುಡುಕುವುದು ನ್ಯಾಯವಲ್ಲ. ಹೆಣ್ಣೆಂದು ತೆಗೆಸುವುದರಲ್ಲಿ ತಪ್ಪಿದೆ, ಘೋರವಾದ ತಪ್ಪೇ ಇದೆ. ಹೆಣ್ಣು ಹುಟ್ಟಲೇಬಾರದು ಎಂಬ ತೀರ್ಪಿನಲ್ಲಿ ಇದೆ ಅದು, ಬಸುರಿಯ ಬೆನ್ನಿಗೆ ನಿಂತ ಆ ನಾಲ್ಕು ಮಂದಿಯಲ್ಲಿ ಇದೆ. 1994ರ ನಮ್ಮ ಲಿಂಗಪತ್ತೆ ನಿಷೇಧ ಕಾನೂನಿಗೂ ಇದು ಗೊತ್ತು. ಬಸುರಿಯನ್ನು ಗಂಡನೋ ಬೇರೆ ಸಂಬಂಧಿಕರೋ ಬಲವಂತ ಮಾಡಿದ್ದಾರೆಂದೇ ಕೋರ್ಟು ಮೊದಲು ಭಾವಿಸಬೇಕು ಎಂದು ಅದರಲ್ಲೇ ಬರೆದಿದೆ. 2023ರಲ್ಲಿ ಮಂಡ್ಯ ಕಡೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ದಂಧೆ ನಡೆಸುತ್ತಿದ್ದ ಸುದ್ದಿ ಓದಿದಾಗಲೂ ನನಗೆ ನೆನಪಾದದ್ದು ಆ ನಾಲ್ಕು ಮಂದಿಯೇ.

ಆದರೂ ಅವ್ವ ಕೊನೆಗೆ ಇನ್ನೊಂದು ಮಾತು ಹೇಳಿದ್ದಳು. “ಒಬ್ಬಾಕಿ ಮಾತ್ರ ಒಬ್ಬಾಕೇ ಬಂದಿದ್ಲು. ಮೂರು ಹೆಣ್ಣಾಗಿದ್ವು. ನಾಕನೇದೂ ಹೆಣ್ಣಾದ್ರ ನಾ ಬದುಕೂದಿಲ್ಲ ಅಂದ್ಲು.” ಅವಳ ಬಗ್ಗೆ ನನ್ನ ಎಳೆ ಸಾಲುವುದಿಲ್ಲ. ಅವಳಿಗೆ ಶಿಕ್ಷೆಯಾಗಬಾರದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅವಳು ಕೇಳಿದ್ದು ಸರಿ ಎಂದು ಹೇಳಲೂ ಬಾಯಿ ಬರುವುದಿಲ್ಲ. ಪ್ರಚಾರದುದ್ದಕ್ಕೂ ಈ ಹೆಂಗಸನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡಿದೆ.

ಬಾಗಿಲಲ್ಲಿ ಮಾತಾಡುವುದು ಹೇಗೆ ಎಂದು ನಮಗೆ ಹೇಳಿಕೊಟ್ಟದ್ದು ಸರಳವಾಗಿತ್ತು. ಇಬ್ಬಿಬ್ಬರಾಗಿ ಹೋಗಿ, ಹೆಸರು ಹೇಳಿ, ಚೀಟಿ ಕೊಡಿ, ವಾದಕ್ಕಿಳಿಯಬೇಡಿ, ಅನುಮಾನದಲ್ಲಿರುವವರಿಗೆ ಹೆಚ್ಚು ಹೊತ್ತು ಕೊಡಿ. ಮೊದಲ ಎರಡು ವಾರ ನಾನು ಇದನ್ನು ಪಾಲಿಸಲೇ ಇಲ್ಲ. ಎದುರಿನವರ ಮಾತಿನಲ್ಲಿ ಬಿರುಕು ಹುಡುಕುವುದೇ ಕೆಲಸವಾಗಿತ್ತು. ಒಬ್ಬ ನಡುವಯಸ್ಸಿನ ಮೇಷ್ಟರಿಗೆ ಕೇಳಿಯೇಬಿಟ್ಟೆ: “ಇದು ಕೊಲೆಯೆಂದು ನಿಜವಾಗಿ ನಂಬುತ್ತೀರಾದರೆ ಅಮೆರಿಕದಲ್ಲಿ ಡಾಕ್ಟರನ್ನು ಗುಂಡಿಕ್ಕಿದವರೇ ನಿಮ್ಮಲ್ಲಿ ನುಡಿದಂತೆ ನಡೆದವರು ಅಲ್ಲವೇ?”

ಅದು ನಾನು ತಯಾರಿಸಿಕೊಂಡು ಹೋಗಿದ್ದ ಪ್ರಶ್ನೆ. ಫ್ಲಾರಿಡಾದ ಪೆನ್ಸಕೋಲಾದಲ್ಲಿ 1993ರಲ್ಲಿ ಡಾ. ಡೇವಿಡ್ ಗನ್, ಮರುವರ್ಷ ಅದೇ ಊರಲ್ಲಿ ಡಾ. ಜಾನ್ ಬ್ರಿಟನ್, 1998ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ತಮ್ಮ ಮನೆಯೊಳಗೇ ಡಾ. ಬಾರ್ನೆಟ್ ಸ್ಲೆಪಿಯನ್, 2009ರಲ್ಲಿ ಕ್ಯಾನ್ಸಸ್‌ನ ಚರ್ಚಿನಲ್ಲಿ ಡಾ. ಜಾರ್ಜ್ ಟಿಲ್ಲರ್ ಕೊಲೆಯಾದರು. ಸ್ಲೆಪಿಯನ್ನರನ್ನು ಕೊಂದ ಜೇಮ್ಸ್ ಕಾಪ್ ಫ್ರಾನ್ಸಿನಲ್ಲಿ ಸಿಕ್ಕಿಬೀಳುವ ಮೊದಲು ತಲೆಮರೆಸಿಕೊಂಡಿದ್ದು ಇದೇ ಐರ್ಲೆಂಡಿನಲ್ಲಿ. ಜೀವ ಉಳಿಸುತ್ತೇವೆ ಎಂದು ಜೀವ ತೆಗೆದವರು ಇವರು. ಅಂಥವರ ಪಕ್ಕದಲ್ಲಿ ಆ ಮೇಷ್ಟರನ್ನು ನಿಲ್ಲಿಸಿದೆ.

ಅವರ ಮುಖ ಬಿಳಿಚಿಕೊಂಡಿತು. “ನಾನು ಗಲ್ಲು ಶಿಕ್ಷೆಯನ್ನು ವಿರೋಧಿಸಿದವನು. ಇರಾಕ್ ಯುದ್ಧ ಬೇಡವೆಂದು ಡಬ್ಲಿನ್ ಬೀದಿಯಲ್ಲಿ ನಡೆದವನು. ಯಾರ ಮೇಲೂ ಕೈಯೆತ್ತಿಲ್ಲ. ನನ್ನ ಮನೆಯ ಹೊಸ್ತಿಲಲ್ಲಿ ನಿಂತು ನನ್ನನ್ನು ಕೊಲೆಗಡುಕರ ಜೊತೆ ಸೇರಿಸುತ್ತೀಯಾ?” ಎಂದರು. ಈ ಸಲ ಬಾಗಿಲು ಜೋರಾಗಿಯೇ ಮುಚ್ಚಿತು.

ತಪ್ಪು ನನ್ನದು. ಮಾತಿನ ವಿಚಾರದಲ್ಲೂ ತಪ್ಪೇ. ಯುದ್ಧವನ್ನು ನಾನೂ ಕೊಲೆಯೆಂದೇ ನಂಬುತ್ತೇನೆ. ಹಾಗೆಂದು ಯಾವ ಮಂತ್ರಿಯನ್ನೂ ಕೊಲ್ಲಲು ಹೊರಟಿಲ್ಲ. ಆ ಕಾರಣಕ್ಕೆ ನನ್ನ ನಂಬಿಕೆ ಸುಳ್ಳಾಗುವುದಿಲ್ಲ. ಘೋರ ತಪ್ಪೆಂದು ಕಂಡದ್ದನ್ನು ಕೈಯೆತ್ತದೆ ವಿರೋಧಿಸುವವರು ಕಪಟಿಗಳಲ್ಲ. ಆ ಮೇಷ್ಟರು ನನಗಿಂತ ಹೆಚ್ಚು ಒಂದೇ ಮಾತಿನ ಮನುಷ್ಯರಾಗಿದ್ದರು. ಮರುದಿನ ಒಂದು ಚೀಟಿಯಲ್ಲಿ ಕ್ಷಮೆ ಕೇಳಿ ಬರೆದು ಅವರ ಬಾಗಿಲಿನ ಸಂದಿಯಲ್ಲಿ ಹಾಕಿ ಬಂದೆ.

ಅಲ್ಲಿಂದ ಆಚೆ ನನ್ನ ರೀತಿ ಬದಲಾಯಿತು. ಮೊದಲು ಅವರ ಮಾತು ಕೇಳುತ್ತಿದ್ದೆ. ಕೆಲವು ಮನೆಗಳಲ್ಲಿ ಕೇಳಿದ್ದೇ ಹೆಚ್ಚು, ಆಡಿದ್ದು ಎರಡೇ ವಾಕ್ಯ. ಆಮೇಲೆ ಬಂದೂಕಿನ ವಿಷಯ ಬಿಟ್ಟು ಕಾನೂನಿನ ವಿಷಯ ಎತ್ತುತ್ತಿದ್ದೆ. ಕಾನೂನೂ ಒಂದು ಬಲವೇ. ಅದರ ಹಿಂದೆ ಪೊಲೀಸರಿದ್ದಾರೆ, ಜೈಲಿದೆ. ಸವಿತಾ ಸತ್ತ ಮೇಲೆ 2013ರಲ್ಲಿ ಬಂದ ಕಾಯ್ದೆಯಲ್ಲೂ ಗರ್ಭಪಾತಕ್ಕೆ 14 ವರ್ಷದವರೆಗೆ ಶಿಕ್ಷೆ ಇತ್ತು, ಹೆಂಗಸಿಗೂ. “ಗುಳಿಗೆ ತರಿಸಿಕೊಂಡು ನುಂಗಿದ ಪಕ್ಕದ ಮನೆ ಹುಡುಗಿಯನ್ನು 14 ವರ್ಷ ಒಳಗೆ ಹಾಕಬೇಕೇ?” ಎಂದು ಮೆಲ್ಲಗೆ ಕೇಳುತ್ತಿದ್ದೆ. ಹಾಕಬೇಕು ಎಂದವರು ನನಗೆ ಒಬ್ಬರೂ ಸಿಗಲಿಲ್ಲ. ಕಟ್ಟಾ ವಿರೋಧಿಗಳೂ “ಛೆ, ಪಾಪ, ಅವಳನ್ನಲ್ಲ” ಎನ್ನುತ್ತಿದ್ದರು. ಕೊಲೆಯೆಂದು ಕರೆದ ಬಾಯಿಯಿಂದಲೇ ಆ ‘ಪಾಪ’ ಬಂದಾಗ ನಾನು ಗೆದ್ದವಳಂತೆ ನಗುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದೆ. ತಾವು ಏನು ನಂಬುತ್ತೇವೆ ಎಂದು ಅವರೇ ಆ ಗಳಿಗೆಯಲ್ಲಿ ನೋಡಿಕೊಳ್ಳುತ್ತಿದ್ದರು.

ಈ ದೇಶವೂ ಹಾಗೆ ಒಮ್ಮೆ ತನ್ನನ್ನು ನೋಡಿಕೊಂಡಿತ್ತು. 1992ರಲ್ಲಿ ಅತ್ಯಾಚಾರಕ್ಕೊಳಗಾಗಿ ಬಸಿರಾದ 14 ವರ್ಷದ ಹುಡುಗಿಯೊಬ್ಬಳು ಗರ್ಭಪಾತಕ್ಕೆ ಇಂಗ್ಲೆಂಡಿಗೆ ಹೋಗದಂತೆ ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು, ಒಂಬತ್ತು ತಿಂಗಳು ದೇಶ ಬಿಡುವಂತಿಲ್ಲ ಎಂದು. ಅವಳ ಹೆಸರು ಹೊರಬರಲಿಲ್ಲ, ಇಂದಿಗೂ ‘ಎಕ್ಸ್ ಪ್ರಕರಣ’ ಎಂದೇ ಕರೆಯುತ್ತಾರೆ. ಜನ ಬೀದಿಗಿಳಿದರು. ಅವಳು ಆತ್ಮಹತ್ಯೆ ಮಾಡಿಕೊಳ್ಳುವ ಅಪಾಯವಿದೆ ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟು ತಡೆ ತೆಗೆಯಿತು. ಅದೇ ವರ್ಷ ನವೆಂಬರ್‌ನಲ್ಲಿ, ಗರ್ಭಪಾತಕ್ಕಾಗಿ ಹೊರದೇಶಕ್ಕೆ ಹೋಗುವುದನ್ನು ತಡೆಯುವಂತಿಲ್ಲ ಎಂದು ಜನರು ಓಟು ಹಾಕಿ ಸಂವಿಧಾನದಲ್ಲಿ ಬರೆಸಿದರು. ಡಬ್ಲಿನ್‌ನಲ್ಲಿ ಅಪರಾಧ, ದೋಣಿ ಹತ್ತಿ ಲಿವರ್‌ಪೂಲ್ ಮುಟ್ಟಿದರೆ ಹಕ್ಕು. ನಿಜವಾಗಿ ಮಗುವಿನ ಕೊಲೆಯೆಂದು ನಂಬುವ ಯಾವ ದೇಶವೂ ಕೊಲ್ಲಲು ಟಿಕೆಟ್ ಕೊಡುವುದಿಲ್ಲ. 2016ರಲ್ಲೂ ಮೂರು ಸಾವಿರಕ್ಕೂ ಹೆಚ್ಚು ಹೆಂಗಸರು ಐರ್ಲೆಂಡಿನ ವಿಳಾಸ ಕೊಟ್ಟು ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ಗರ್ಭಪಾತ ಮಾಡಿಸಿಕೊಂಡಿದ್ದರು.

ನನ್ನನ್ನೂ ಜನ ಬಿಡುತ್ತಿರಲಿಲ್ಲ. ಹೊಸ ಕಾನೂನಿನಲ್ಲಿ 12 ವಾರದವರೆಗೆ ಕಾರಣ ಕೇಳುವುದಿಲ್ಲ ಎನ್ನುತ್ತೀರಿ, 13ನೇ ವಾರಕ್ಕೆ ಏನಾಗುತ್ತದೆ ಎಂದು ಕೇಳಿದವರು ಬಹಳ ಮಂದಿ. ಏನೂ ಆಗುವುದಿಲ್ಲ, ಗೆರೆಯನ್ನು ನಾವೇ ಎಳೆದದ್ದು ಎಂದು ಒಪ್ಪಿಕೊಳ್ಳುತ್ತಿದ್ದೆ. ಜೊತೆಗೆ ನಮ್ಮೂರಿನ ವಿಷಯ ಹೇಳುತ್ತಿದ್ದೆ. ನಮ್ಮಲ್ಲಿ ಎರಡು ಮೂರು ತಿಂಗಳವರೆಗೆ ಬಸಿರನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಐದೋ ಏಳೋ ತಿಂಗಳಿಗೆ ಕುಬಸ ಮಾಡಿ ಹಸಿರು ಬಳೆ ತೊಡಿಸಿದಾಗ ಊರಿಗೆಲ್ಲ ಗೊತ್ತಾಗುತ್ತದೆ. ಒಳಗಿನ ಜೀವದ ತೂಕ ದಿನದಿನಕ್ಕೆ ಏರುತ್ತದೆ ಎಂದು ನಮ್ಮ ಹಿರಿಯರಿಗೆ ತಿಳಿದಿತ್ತು. ನನ್ನ ನಂಬಿಕೆಯೂ ಅದೇ. ಏನೂ ಅಲ್ಲದ ಮಾಂಸದ ಮುದ್ದೆ ಎಂದು ನಾನು ಯಾವ ಬಾಗಿಲಲ್ಲೂ ಹೇಳಲಿಲ್ಲ. ಹೊಟ್ಟೆಯಲ್ಲೇ ಕೂಸು ಕಳಕೊಂಡವರು ಆ ಬಾಗಿಲುಗಳಲ್ಲಿ ಎಷ್ಟು ಜನ ನಿಂತಿದ್ದರೋ.

ಅಂಥ ಒಬ್ಬ ಅಜ್ಜಿ ನನ್ನನ್ನು ಒಳಗೆ ಕರೆದು ಚಹಾ ಕೊಟ್ಟರು. ತಮ್ಮ ತಾಯಿಗೆ ಸತ್ತು ಹುಟ್ಟಿದ ಗಂಡುಕೂಸಿನ ಕತೆ ಹೇಳಿದರು. ದೀಕ್ಷಾಸ್ನಾನವಾಗದ ಕೂಸಿಗೆ ಆಗ ಚರ್ಚಿನ ಮಣ್ಣು ಸಿಗುತ್ತಿರಲಿಲ್ಲ. ಅಪ್ಪ ಸಂಜೆಗತ್ತಲಲ್ಲಿ ಸಣ್ಣ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊಲದಾಚೆಯ ‘ಕಿಲ್ಲೀನ್’ನಲ್ಲಿ, ಅಂದರೆ ಅಂಥ ಕೂಸುಗಳನ್ನು ಹೂಳುತ್ತಿದ್ದ ಜಾಗದಲ್ಲಿ, ಗುರುತಿಗೊಂದು ಕಲ್ಲಿಟ್ಟು, ಹೂತು ಬಂದರಂತೆ. ಇಂಥ ಜಾಗಗಳು ಐರ್ಲೆಂಡಿನ ಎಷ್ಟೋ ಕಡೆ ಇವೆ. “ಮೊದಲ ದಿನದಿಂದಲೇ ಜೀವ ಎಂದವರು ನನ್ನ ತಮ್ಮನಿಗೆ ಮೂರಡಿ ಮಣ್ಣು ಕೊಡಲಿಲ್ಲ” ಎಂದರು ಅಜ್ಜಿ. ಯಾವುದಕ್ಕೆ ಓಟು ಹಾಕುತ್ತೇನೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಳೆಯಲ್ಲಿ ಆ ಮನೆಯ ಮುಂದೆ ಏನೂ ಬರೆಯಲಿಲ್ಲ.

ಫಲಿತಾಂಶ ಎಲ್ಲರಿಗೂ ಗೊತ್ತಿದೆ. ತೆಗೆಯಲು ಒಪ್ಪಿದವರು ಶೇ. 66.4. ಡೊನಿಗಾಲ್ ಒಂದನ್ನು ಬಿಟ್ಟು ಎಲ್ಲ ಕಡೆ ‘ಹೌದು’. ನಮ್ಮ ರಾಸ್ಕಾಮನ್ ಕೂಡ. ಡಬ್ಲಿನ್‌ನ ಗೋಡೆಯೊಂದರ ಮೇಲಿದ್ದ ಸವಿತಾಳ ಚಿತ್ರದ ಸುತ್ತ ಜನ ಕ್ಷಮೆ ಕೇಳಿ ಬರೆದ ಚೀಟಿಗಳನ್ನು ಅಂಟಿಸಿದ್ದರು. ಅದರ ಫೋಟೊ ಕಳಿಸಿದಾಗ ಅವ್ವ “ಆ ತಾಯಿ ಹೊಟ್ಟಿ ತಣ್ಣಗಾಗೂದಿಲ್ಲ ಬಿಡು” ಅಂದಳು.

2019ರ ಜನವರಿ 1ರಿಂದ ಸೇವೆ ಶುರುವಾಯಿತು. ಮನಸ್ಸು ಒಪ್ಪದ ಡಾಕ್ಟರು, ನರ್ಸು ಅದರಲ್ಲಿ ಪಾಲುಗೊಳ್ಳಬೇಕಿಲ್ಲ, ಆದರೆ ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಹಿಂದೆ ಸರಿಯುವಂತಿಲ್ಲ ಎಂದು ಕಾನೂನಿದೆ. ನನ್ನ ವಾರ್ಡಿನ ಹಿರಿಯ ಸಹೋದ್ಯೋಗಿಯೊಬ್ಬಳು ‘ಇಲ್ಲ’ಕ್ಕೆ ಓಟು ಹಾಕಿದವಳು. ನನ್ನೆದುರೇ ಹೇಳಿದ್ದಳು, ಆ ಗುಳಿಗೆಯನ್ನು ನನ್ನ ಕೈಯಿಂದ ಕೊಡಲಾರೆ ಎಂದು. ನಾವಿಬ್ಬರೂ ಕೂತು ಪಾಳಿಗಳನ್ನು ಹಾಗೆ ಹೊಂದಿಸಿಕೊಂಡಿದ್ದೆವು.

ಸವಿತಾಳ ಸಾವಿನ ತನಿಖೆಯ ವರದಿಯಲ್ಲಿ ನರ್ಸುಗಳಾದ ನಮಗೆ ಚುಚ್ಚುವ ಭಾಗವೊಂದಿದೆ. ಜ್ವರ, ನಾಡಿ, ರಕ್ತದೊತ್ತಡವನ್ನು ನೋಡಬೇಕಾದಷ್ಟು ನೋಡಲಿಲ್ಲ, ನಂಜಿನ ಗುರುತುಗಳು ಸಮಯಕ್ಕೆ ಕಣ್ಣಿಗೆ ಬೀಳಲಿಲ್ಲ ಎಂದು.

ಆ ಚಳಿಗಾಲದ ಒಂದು ರಾತ್ರಿ, ಗುಳಿಗೆ ತೆಗೆದುಕೊಂಡ ಮೇಲೆ ರಕ್ತಸ್ರಾವ ನಿಲ್ಲದೆ ಒಬ್ಬ ಹುಡುಗಿ ದಾಖಲಾದಳು. ಪಾಳಿಯಲ್ಲಿದ್ದವಳು ನನ್ನ ಸಹೋದ್ಯೋಗಿ. ಬೆಳಿಗ್ಗೆ ನಾನು ಹೋದಾಗ ಹುಡುಗಿ ನಿದ್ದೆ ಮಾಡುತ್ತಿದ್ದಳು. ಇವಳು ಇನ್ನೂ ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು ಕೂತಿದ್ದಳು. ಏನೂ ಹೇಳದೆ ಚಾರ್ಟನ್ನು ನನ್ನ ಕೈಗೆ ಕೊಟ್ಟಳು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಗಂಟೆ ಗಂಟೆಗೂ ಜ್ವರ, ನಾಡಿ, ರಕ್ತದೊತ್ತಡ. ಒಂದು ಮನೆಯೂ ಖಾಲಿ ಇರಲಿಲ್ಲ.