ಪೈಟೆಸ್ಟ್‌ನ ಮೂರನೇ ಅಂಕಿ ಬದಲಾದಾಗ

ಪೈಥಾನ್ ಪ್ರೋಗ್ರಾಂಗಳನ್ನು ಪರೀಕ್ಷಿಸುವ ಪೈಟೆಸ್ಟ್ ಎಂಬ ಸಾಧನವನ್ನು 8.3.4ರಿಂದ 8.3.5ಕ್ಕೆ ಏರಿಸುವುದು ಒಂದು ಕಮಾಂಡಿನ ಕೆಲಸ. ಎಡವಟ್ಟಾಗುವುದು ಆ ಕಮಾಂಡಿನ ಹಿಂದೆ ಮುಂದೆ. ಮೂರನೇ ಅಂಕಿ ಬದಲಾದರೆ ದೋಷ ತಿದ್ದುಪಡಿ ಅಷ್ಟೇ, ಹೊಸದೇನೂ ಇಲ್ಲ ಎಂಬುದು ವಾಡಿಕೆ. ಆದರೆ ಇಷ್ಟು ದಿನ ಅದೇ ದೋಷದ ಮರೆಯಲ್ಲಿ ಪಾಸಾಗುತ್ತಿದ್ದ ನಿಮ್ಮ ಟೆಸ್ಟ್ ಈಗ ಫೇಲ್ ಆಗಬಹುದು, ಮತ್ತು ಅದಕ್ಕೆ ಪೈಟೆಸ್ಟನ್ನು ಬೈದು ಉಪಯೋಗವಿಲ್ಲ. ಆದ್ದರಿಂದ "ಎಲ್ಲಾ ಪಾಸ್ ಆಗ್ಯಾವ್ರಿ" ಎನ್ನುವ ಮುಂಚೆ ಒಟ್ಟು ಎಷ್ಟು ಓಡಿದವು ಎಂದು ಎಣಿಸಿ. ವಿದ್ಯಾನಗರದ ಕಾಲೇಜು ಲ್ಯಾಬಿರಲಿ, ನವನಗರದ ನಾಲ್ಕು ಜನರ ಆಫೀಸಿರಲಿ, ಕ್ರಮ ಒಂದೇ. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವುದು ಇಂಗ್ಲಿಷಿನಲ್ಲೇ.

ಮೊದಲು "ಪೈಥಾನ್ -ಎಂ ಪೈಟೆಸ್ಟ್ --ವರ್ಷನ್" ಹೊಡೆದು ಈಗಿರುವುದು ಯಾವುದು ನೋಡಿ. ಬರೀ "ಪೈಟೆಸ್ಟ್" ಎಂದರೆ ಪಾತ್‌ನಲ್ಲಿ, ಅಂದರೆ ಕಮಾಂಡು ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಮೊದಲು ಸಿಕ್ಕಿದ್ದು ಓಡುತ್ತದೆ. ಅಪ್‌ಡೇಟ್ ಮಾಡಿದ್ದು ಒಂದು, ಓಡಿದ್ದು ಇನ್ನೊಂದು ಆಗುವುದು ಹೀಗೆ. "-ಎಂ" ಹಾಕಿದಾಗ ಈಗಿರುವ ಫೋಲ್ಡರ್ ಇಂಪೋರ್ಟ್ ದಾರಿಗೆ ಸೇರುತ್ತದೆ ಎಂಬುದೂ ನೆನಪಿರಲಿ. ಒಂದು ರೀತಿಯಲ್ಲಿ ಓಡಿಸಿದಾಗ ಸಿಗುವ ಮಾಡ್ಯೂಲ್ ಇನ್ನೊಂದು ರೀತಿಯಲ್ಲಿ ಸಿಗದಿದ್ದರೆ ಕಾರಣ ಇದೇ. ಹಳೆಯದನ್ನೂ ಹೊಸದನ್ನೂ ಹೋಲಿಸುವಾಗ ಎರಡೂ ಸಲ ಒಂದೇ ರೀತಿ ಓಡಿಸಿ.

ಹಳೆಯದರ ಮೇಲೆಯೇ ಹೊಸದನ್ನು ಹಾಕಬೇಡಿ. ಹಳೆಯ ಎನ್ವಿರಾನ್‌ಮೆಂಟಿನಲ್ಲಿ (ಪ್ರಾಜೆಕ್ಟಿನ ಪ್ಯಾಕೇಜುಗಳಿರುವ ಪ್ರತ್ಯೇಕ ಜಾಗ) ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಪಿಪ್‌ನಿಂದ "ಪಿಪ್ ಫ್ರೀಜ್" ಮಾಡಿ ಪ್ಯಾಕೇಜುಗಳ ಪಟ್ಟಿಯನ್ನು ಫೈಲಿಗೆ ಬರೆಸಿಕೊಳ್ಳಿ. "ಪೈಥಾನ್ -ಎಂ ವೆನ್ವ್" ಕೊಟ್ಟು ಪಕ್ಕದಲ್ಲೇ ಇನ್ನೊಂದು ಎನ್ವಿರಾನ್‌ಮೆಂಟ್ ಮಾಡಿ, ಅದರಲ್ಲಿ ಆ ಪಟ್ಟಿಯನ್ನೇ ಇನ್‌ಸ್ಟಾಲ್ ಮಾಡಿ, ಆಮೇಲೆ ಪೈಟೆಸ್ಟ್ ಒಂದನ್ನೇ 8.3.5ಕ್ಕೆ ಏರಿಸಿ, ಪ್ಯಾಕೇಜುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು "ಪಿಪ್ ಚೆಕ್" ಮಾಡಿ. ಇದೇ ನೆಪದಲ್ಲಿ ಪೈಟೆಸ್ಟಿಗೆ ಜೋಡಿಸಿದ ಪ್ಲಗಿನ್‌ಗಳನ್ನೂ ಏರಿಸಿದರೆ ಏನು ಕೆಟ್ಟಿತೆಂದು ಹುಡುಕಲು ಸಂಜೆಯಾಗುತ್ತದೆ. ಉಬುಂಟುವಿನ ಹೊಸ ಆವೃತ್ತಿಗಳಲ್ಲಿ ಸಿಸ್ಟಂ ಪೈಥಾನಿಗೆ ಪಿಪ್‌ನಿಂದ ಏನನ್ನಾದರೂ ಹಾಕಲು ಹೋದರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್" ಎಂದು ತಡೆಯುತ್ತದೆ. ಆ ತಡೆಯನ್ನು ಮುರಿಯುವ ಆಪ್ಶನ್ ಇದೆ, ಮುಟ್ಟಬೇಡಿ. ವೆನ್ವ್ ಇರುವುದೇ ಅದಕ್ಕೆ.

ಈಗ ಎಣಿಕೆ. ಎರಡೂ ಕಡೆ "--ಕಲೆಕ್ಟ್-ಓನ್ಲಿ -ಕ್ಯೂ" ಕೊಟ್ಟು ಟೆಸ್ಟ್‌ಗಳ ಹೆಸರುಗಳನ್ನು ಫೈಲಿಗೆ ಬರೆಸಿ, ಎರಡು ಫೈಲುಗಳನ್ನು ಹೋಲಿಸಿ. ಕೊನೆಯ ಸಾಲಿನಲ್ಲಿ ಸೆಕೆಂಡ್ ಇರುತ್ತದೆ, ಅದು ಬೇರೆಯಾದರೆ ಚಿಂತೆಯಿಲ್ಲ. ಹಳೆಯದರಲ್ಲಿ 214 ಇದ್ದು ಹೊಸದರಲ್ಲಿ 209 ಬಂದರೆ, ಆ 209 ಪಾಸಾದರೂ ಕೆಲಸ ಮುಗಿದಿಲ್ಲ. ಹೊಸ ಎನ್ವಿರಾನ್‌ಮೆಂಟಿನಲ್ಲಿ ಯಾವುದೋ ಲೈಬ್ರರಿ ಬಿಟ್ಟುಹೋಗಿ, "ಇಂಪೋರ್ಟ್-ಆರ್-ಸ್ಕಿಪ್" (ಲೈಬ್ರರಿ ಸಿಗದಿದ್ದರೆ ಬಿಟ್ಟುಬಿಡು) ಬರೆದಿದ್ದ ಇಡೀ ಫೈಲೇ ಸದ್ದಿಲ್ಲದೆ ಪಕ್ಕಕ್ಕೆ ಸರಿದಿರುವ ಸಾಧ್ಯತೆ ಹೆಚ್ಚು. ಆಮೇಲೆ "--ಕ್ಯಾಶ್-ಕ್ಲಿಯರ್" ಹಾಕಿ ಎರಡೂ ಕಡೆ ಪೂರ್ತಿ ಓಡಿಸಿ, ಮುಗಿದಾಗ ಕೊಡುವ ಎಕ್ಸಿಟ್ ಕೋಡ್ ಎಂಬ ಸಂಖ್ಯೆ ನೋಡಿ: 0 ಎಂದರೆ ಎಲ್ಲ ಪಾಸ್, 1 ಎಂದರೆ ಕೆಲವು ಫೇಲ್, 2 ನಡುವೆ ನಿಂತಿದ್ದು, 3 ಪೈಟೆಸ್ಟ್ ಒಳಗಿನ ದೋಷ, 4 ಕಮಾಂಡ್ ಬರೆದದ್ದರಲ್ಲಿ ತಪ್ಪು, 5 ಒಂದೂ ಟೆಸ್ಟ್ ಸಿಗಲಿಲ್ಲ. ಹೊಸದರಲ್ಲಿ ಮಾತ್ರ 3 ಬಂದರೆ ಮೊದಲ ಅನುಮಾನ ಪ್ಲಗಿನ್‌ಗಳ ಮೇಲೆ. "ಪೈಟೆಸ್ಟ್_ಡಿಸೇಬಲ್_ಪ್ಲಗಿನ್_ಆಟೋಲೋಡ್" ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಟ್ಟು ಓಡಿಸಿ. ದೋಷ ಮಾಯವಾದರೆ ಪ್ಲಗಿನ್‌ಗಳನ್ನು ಒಂದೊಂದಾಗಿ "-ಪಿ" ಕೊಟ್ಟು ಸೇರಿಸುತ್ತ ಬನ್ನಿ.

ಪಟ್ಟಿ ಹೋಲಿಸುವಾಗ ಕನ್ನಡದಂಥ ಲಿಪಿಗಳಲ್ಲಿ ಬರೆಯುವವರನ್ನು ಕಾಡುವ ತೊಡಕೊಂದಿದೆ. ಒಂದೇ ಟೆಸ್ಟಿಗೆ ಬೇರೆ ಬೇರೆಯಾಗಿ ಕೊಡುವ ಪ್ಯಾರಾಮೀಟರ್‌ಗಳಲ್ಲಿ "ಗದಗ", "ಬ್ಯಾಡಗಿ" ಎಂದು ಕನ್ನಡದಲ್ಲೇ ಬರೆದಿದ್ದರೆ ಟೆಸ್ಟ್ ಹೆಸರಿನಲ್ಲಿ ಅಕ್ಷರದ ಬದಲು ಯೂನಿಕೋಡ್ ಸಂಕೇತಗಳ ಸಾಲು ಬರುತ್ತದೆ. ದೋಷವಲ್ಲ, ಬೇಕೆಂದೇ ಹಾಗಿಟ್ಟಿದ್ದಾರೆ. ಅದನ್ನು ನಿಲ್ಲಿಸುವ ಆಪ್ಶನ್ನಿನ ಹೆಸರೇ ಒಂದು ಎಚ್ಚರಿಕೆ ಫಲಕ: "ಡಿಸೇಬಲ್ ಟೆಸ್ಟ್ ಐಡಿ ಎಸ್ಕೇಪಿಂಗ್ ಆ್ಯಂಡ್ ಫಾರ್ಫೀಟ್ ಆಲ್ ರೈಟ್ಸ್ ಟು ಕಮ್ಯುನಿಟಿ ಸಪೋರ್ಟ್", ನಡುವೆ ಅಂಡರ್‌ಸ್ಕೋರ್. ಹಾಕಿಕೊಂಡು ತೊಂದರೆಯಾದರೆ ನಮ್ಮ ಹತ್ತಿರ ಬರಬೇಡಿ ಎಂದರ್ಥ. ಅದರ ಬದಲು ಪ್ರತಿ ಪ್ಯಾರಾಮೀಟರಿಗೆ "ಐಡಿ" ಎಂದು ಇಂಗ್ಲಿಷ್ ಅಕ್ಷರಗಳ ಹೆಸರು ಕೊಡುವುದು ಲೇಸು.

ಬೇಕಾದ ಪ್ಯಾಕೇಜುಗಳನ್ನು ಬರೆದಿಡುವ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಪೈಟೆಸ್ಟ್ ಇರುವ ಸಾಲನ್ನು ಕಣ್ಣಿಟ್ಟು ನೋಡಿ. "~=8.3.0" ಎಂದರೆ 8.3ರ ಸಾಲಿನಲ್ಲೇ ಉಳಿಯುತ್ತದೆ. "~=8.3" ಎಂದು ಬರೆದರೆ 9ಕ್ಕಿಂತ ಕೆಳಗಿನದೆಲ್ಲ ಸಮ್ಮತ, ಅಂದರೆ ದೋಷ ತಿದ್ದುಪಡಿ ಎಂದುಕೊಂಡವರ ಮನೆಗೆ 8.4 ಬಂದು ಕೂರುತ್ತದೆ. ಆಗ ನಡೆಯುವುದೇನು? ಮೆಣಸಿನಕಾಯಿ ಚೀಲಗಳ ತೂಕ ಕೂಡಿಸುವ ಪ್ರೋಗ್ರಾಂ ಇದೆ ಎನ್ನಿ. 10 ಕೆಜಿ ಮತ್ತು 20 ಕೆಜಿಯ ಎರಡು ಚೀಲ, ಕ್ವಿಂಟಲ್‌ನಲ್ಲಿ 0.1 ಮತ್ತು 0.2. ಟೆಸ್ಟಿನಲ್ಲಿ "ಅಸರ್ಟ್" (ಇದು ನಿಜವಿರಲೇಬೇಕು) ಬರೆಯುವ ಕಡೆ ಯಾರೋ "ರಿಟರ್ನ್ ಮೊತ್ತ == 0.3" ಎಂದು ಬರೆದಿದ್ದಾರೆ. ಪೈಥಾನಿನಲ್ಲಿ ಆ ಮೊತ್ತ 0.30000000000000004, ಉತ್ತರ ಫಾಲ್ಸ್. ಆದರೂ 8.3ರಲ್ಲಿ ಟೆಸ್ಟ್ ಪಾಸ್, ಒಂದು ವಾರ್ನಿಂಗ್ ಮಾತ್ರ. 8.4ರಲ್ಲಿ ಫೇಲ್. ಅಸಿಂಕ್ (ಕಾಯುವ ಹೊತ್ತಿನಲ್ಲಿ ಬೇರೆ ಕೆಲಸಕ್ಕೆ ಎಡೆಕೊಡುವ) ಟೆಸ್ಟ್ ಬರೆದು ಅದಕ್ಕೆ ಬೇಕಾದ ಪ್ಲಗಿನ್ ಹಾಕದಿದ್ದರೂ ಹೀಗೇ: ಮೊದಲು ವಾರ್ನಿಂಗ್ ಕೊಟ್ಟು ಸ್ಕಿಪ್ ಆಗುತ್ತಿದ್ದುದು 8.4ರಿಂದ ಫೇಲ್ ಆಗುತ್ತದೆ. ಹಳೆಯದರಲ್ಲೇ "-ಡಬ್ಲ್ಯೂ ಎರರ್" ಕೊಟ್ಟು ಓಡಿಸಿದರೆ ಇವೆಲ್ಲ ಮುಂಚೆಯೇ ಹೊರಬೀಳುತ್ತವೆ. ಮೇಲಿನ ಟೆಸ್ಟಿಗೆ ಮದ್ದು "ಅಸರ್ಟ್ ಮೊತ್ತ == ಪೈಟೆಸ್ಟ್.ಅಪ್ರಾಕ್ಸ್(0.3)", ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವನ್ನು ಅದು ಒಪ್ಪುತ್ತದೆ.

ಬಿಡುಗಡೆಯಾದದ್ದನ್ನು ವಾಪಸ್ ಪಡೆಯುವುದೂ ಉಂಟು. 2024ರ ಮಾರ್ಚ್‌ನಲ್ಲಿ 8.1.0 ಕೆಲವು ಪ್ಲಗಿನ್‌ಗಳನ್ನು ಕೆಡಿಸಿದ್ದರಿಂದ ಅದನ್ನು ಹಿಂತೆಗೆದು 8.1.1 ಕೊಟ್ಟರು. ಹಾಗೆ ಹಿಂತೆಗೆದದ್ದನ್ನು ಪಿಪ್ ತಾನಾಗಿ ಆರಿಸುವುದಿಲ್ಲ, ಆದರೆ ನೀವೇ "==8.1.0" ಎಂದು ಬರೆದಿದ್ದರೆ ಎಚ್ಚರಿಸಿ ಹಾಕಿಬಿಡುತ್ತದೆ. ಆ ಎಚ್ಚರಿಕೆಯ ಸಾಲನ್ನು ಯಾರೂ ಓದುವುದಿಲ್ಲ ಎಂಬುದೇ ತೊಂದರೆ.

ಲ್ಯಾಬಿನ ಮೂವತ್ತು ಮಷೀನಿಗೆ ನೆಟ್ ಸಾಲದಿದ್ದರೆ ಒಂದರಲ್ಲಿ "ಪಿಪ್ ಡೌನ್‌ಲೋಡ್ -ಡಿ" ಮಾಡಿ, ಪೆನ್‌ಡ್ರೈವ್‌ನಲ್ಲಿ ಒಯ್ದು "--ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್" ಕೊಟ್ಟು ಹಾಕಿ. ಇಳಿಸುವ ಮಷೀನೂ ಹಾಕುವ ಮಷೀನೂ ಒಂದೇ ಜಾತಿಯವಿರಲಿ. ಲಿನಕ್ಸ್‌ನಲ್ಲಿ ಇಳಿಸಿದರೆ ವಿಂಡೋಸ್‌ಗೆ ಬೇಕಾದ ಕಲರಾಮಾ ಎಂಬ ಪ್ಯಾಕೇಜ್ ಜೊತೆಗೆ ಬರುವುದಿಲ್ಲ, ಪೈಥಾನ್ 3.12ರಲ್ಲಿ ಇಳಿಸಿದರೆ 3.10ಕ್ಕೆ ಬೇಕಾದ ಟೊಮ್ಲಿ, ಎಕ್ಸೆಪ್ಶನ್‌ಗ್ರೂಪ್ ಬರುವುದಿಲ್ಲ. ಪ್ರಾಜೆಕ್ಟನ್ನೂ ಅದೇ ಪೆನ್‌ಡ್ರೈವ್‌ನಲ್ಲಿ ಒಯ್ಯುವುದಾದರೆ ಪೈಥಾನ್ ತಾನೇ ಮಾಡಿಕೊಳ್ಳುವ ಪೈಕ್ಯಾಶ್ ಫೋಲ್ಡರ್‌ಗಳನ್ನು ಅಳಿಸಿ ಒಯ್ಯಿರಿ. ಇಲ್ಲವಾದರೆ ಹಳೆಯ ಮಷೀನಿನ ಪಾತ್ ಅದರೊಳಗೆ ಉಳಿದು "ಇಂಪೋರ್ಟ್ ಫೈಲ್ ಮಿಸ್‌ಮ್ಯಾಚ್" ಎಂಬ ದೋಷ ಬರಬಹುದು, ಜನ ಅದನ್ನೂ ಅಪ್‌ಡೇಟ್ ತಲೆಗೇ ಕಟ್ಟುತ್ತಾರೆ.

ಎಲ್ಲ ತಾಳೆಯಾದ ಮೇಲೆ ರಿಕ್ವೈರ್‌ಮೆಂಟ್ಸ್ ಫೈಲಿನ ಆ ಒಂದು ಸಾಲನ್ನು ಮಾತ್ರ ಪ್ರತ್ಯೇಕ ಕಮಿಟ್ ಮಾಡಿ. ಕೈಕೊಟ್ಟರೆ ಅದೊಂದನ್ನು ರಿವರ್ಟ್ ಮಾಡಿ, ಹಳೆಯ ಎನ್ವಿರಾನ್‌ಮೆಂಟಿಗೆ ಮರಳಿದರಾಯಿತು. ವಾರ ಎರಡು ವಾರ ಅದನ್ನು ಅಳಿಸಬೇಡಿ.