ಯಾರ ಪೈಕಿ ಎಷ್ಟು? ಸಮೀಕ್ಷೆ ಕೋಷ್ಟಕದ ಜೊತೆ ನನ್ನ ಅನುಭವ

ಕೋಲಾರ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ರೈತರ ಮನೆಗೆ ಹೋಗಿ ಸಮೀಕ್ಷೆ ಫಾರಂ ತುಂಬಿಸುವುದು, ಆಮೇಲೆ ಅದನ್ನು ಲೆಕ್ಕಕ್ಕೆ ಇಳಿಸುವುದು ನನ್ನ ಕೆಲಸ. ನದಿಯ ಆಸರೆಯಿಲ್ಲದೆ ಕೆರೆ, ಬೋರ್‌ವೆಲ್ ನಂಬಿದ ಈ ಸೀಮೆಯಲ್ಲಿ ಏನು ಕೇಳಿದರೂ ಮಾತು ನೀರಿಗೇ ಬಂದು ನಿಲ್ಲುತ್ತದೆ. ಹಾಗಾಗಿ ನಾನು ಪದೇ ಪದೇ ಹಾಕುವ ಕೋಷ್ಟಕ ಒಂದೇ: ಅಡ್ಡಸಾಲಿನಲ್ಲಿ ಬೆಳೆ, ಕಂಬಸಾಲಿನಲ್ಲಿ ನೀರು ಕೊಡುವ ರೀತಿ.

ಕೋಷ್ಟಕ ಹಾಕುವ ಮೊದಲೇ ಒಂದು ತೊಡಕಿದೆ. ಟೊಮೆಟೊ, ರೇಷ್ಮೆ ಸೊಪ್ಪು ಎರಡನ್ನೂ ಇಟ್ಟವರು ಇಲ್ಲಿ ಸಿಗುತ್ತಾರೆ. ಅವರನ್ನು ಎರಡೂ ಸಾಲಿನಲ್ಲಿ ಎಣಿಸಿದರೆ ಮೊತ್ತ ಮನೆಗಳ ಸಂಖ್ಯೆಯನ್ನೇ ಮೀರುತ್ತದೆ. "ಈ ಸಲ ಜಾಸ್ತಿ ಜಮೀನಿನಲ್ಲಿ ಏನಿಟ್ಟಿದ್ದೀರಿ ಅಣ್ಣ?" ಎಂದು ಕೇಳಿ, ಒಂದು ಮನೆಯನ್ನು ಒಂದೇ ಚೌಕಕ್ಕೆ ಸೇರಿಸುತ್ತೇನೆ.

ಹೊಸದಾಗಿ ಕೆಲಸಕ್ಕೆ ಬಂದವರಿಗೆ ದುಂಡು ಸಂಖ್ಯೆಗಳಲ್ಲಿ ಹೀಗೆ ತೋರಿಸಿಕೊಡುತ್ತೇನೆ. 200 ಮನೆ ಎಂದಿಟ್ಟುಕೊಳ್ಳಿ. ಟೊಮೆಟೊದವರು 80: ಡ್ರಿಪ್ (ಹನಿ ನೀರಾವರಿ) ಹಾಕಿದವರು 60, ಹೊಲದ ಸಾಲುಗಾಲುವೆಯಲ್ಲಿ ನೀರು ಹಾಯಿಸುವವರು 20. ರೇಷ್ಮೆ ಸೊಪ್ಪಿನವರು 120: ಡ್ರಿಪ್ 60, ಹಾಯಿಸುವವರು 60. ಡ್ರಿಪ್‌ನವರು ಒಟ್ಟು 120, ಹಾಯಿಸುವವರು 80.

ಈಗ ಟೊಮೆಟೊ–ಡ್ರಿಪ್ ಚೌಕದ 60 ಅನ್ನು ನೋಡಿ. ಎಲ್ಲ ಮನೆಗಳ ಪೈಕಿ ಅದು ಶೇ. 30. ಟೊಮೆಟೊದವರ ಪೈಕಿ, ಅಂದರೆ 80ರಿಂದ ಭಾಗಿಸಿದರೆ, ಶೇ. 75. ಡ್ರಿಪ್ ಹಾಕಿದವರ ಪೈಕಿ, 120ರಿಂದ ಭಾಗಿಸಿದರೆ, ಶೇ. 50. ಮೂರೂ ಸರಿಯೇ, ಆದರೆ ಮೂರು ಬೇರೆ ಬೇರೆ ಪ್ರಶ್ನೆಗಳ ಉತ್ತರ.

"ಎರಡೂ ಕಡೆ ಡ್ರಿಪ್ 60 ಇದೆಯಲ್ಲ, ಹಾಗಾದರೆ ಇಬ್ಬರೂ ಸಮ" ಎಂದು ಯಾರಾದರೂ ಅಂದರೆ ನಾನು ಬಿಡುವುದಿಲ್ಲ. ಟೊಮೆಟೊದವರಲ್ಲಿ ನಾಲ್ವರಿಗೆ ಮೂವರು ಡ್ರಿಪ್‌ಗೆ ಬಂದಿದ್ದಾರೆ. ರೇಷ್ಮೆ ಸೊಪ್ಪಿನವರಲ್ಲಿ ಅರ್ಧ ಮಾತ್ರ. ಡ್ರಿಪ್ ಬಗ್ಗೆ ಯಾರ ಹತ್ತಿರ ಮೊದಲು ಮಾತಾಡಬೇಕು ಎಂಬುದು ಈ ಅಡ್ಡಸಾಲಿನ ಶೇಕಡಾದಿಂದಲೇ ತಿಳಿಯುವುದು. ಬೆಳೆಗಳನ್ನು ಹೋಲಿಸಬೇಕಾದರೆ ಪ್ರತಿ ಬೆಳೆಯನ್ನೂ ಅದರದೇ ಮೊತ್ತದಿಂದ ಭಾಗಿಸಬೇಕು. ಹಾಗಾಗಿ ಲೆಕ್ಕಕ್ಕೆ ಕೈ ಹಾಕುವ ಮೊದಲು "ಯಾರ ಪೈಕಿ?" ಎಂಬುದನ್ನು ಹಾಳೆಯ ಮೇಲೆ ಬರೆದುಕೊಳ್ಳುತ್ತೇನೆ.

ಎಕ್ಸೆಲ್‌ನಲ್ಲಿ ಇದು ಸಲೀಸು. ಟೊಮೆಟೊ–ಡ್ರಿಪ್ ಸಂಖ್ಯೆಯಿರುವ ಬಿ2 ಅನ್ನು ಟೊಮೆಟೊ ಸಾಲಿನ ಮೊತ್ತವಿರುವ ಡಿ2ರಿಂದ ಭಾಗಿಸುವ ಸೂತ್ರ ಬರೆದು, ಡಿ ಅಕ್ಷರದ ಎಡಕ್ಕೆ ಡಾಲರ್ ಗುರುತು ($D2) ಹಾಕುತ್ತೇನೆ. ಸೂತ್ರವನ್ನು ಬಲಕ್ಕೆ ಎಳೆದರೂ ಭಾಗಿಸುವುದು ಆ ಸಾಲಿನ ಮೊತ್ತದಿಂದಲೇ ಆಗುತ್ತದೆ. ಸಾಲಿನ ಶೇಕಡಾಗಳನ್ನು ಕೂಡಿಸಿದಾಗ 100 ಬಂದರೆ ಮುಂದಕ್ಕೆ.

ವರದಿಯಲ್ಲಿ ಶೇಕಡಾವನ್ನು ಒಂಟಿಯಾಗಿ ನಿಲ್ಲಿಸುವುದಿಲ್ಲ. ಒಂದು ಸಾಲಿನಲ್ಲಿ ಎಂಟೇ ಮನೆ ಇದ್ದರೆ, ಒಂದು ಮನೆ ಆಚೀಚೆ ಆದರೂ ಶೇಕಡಾ 12.5 ಅಂಶ ಏರುಪೇರಾಗುತ್ತದೆ. ಅದಕ್ಕೇ "ಶೇ. 75 (80ರಲ್ಲಿ 60)" ಎಂದೇ ಬರೆಯುತ್ತೇನೆ. ಓದುವವರು ಆ 80 ಅನ್ನು ನೋಡಿ ಎಷ್ಟು ನಂಬಬೇಕೋ ಅಷ್ಟು ನಂಬಲಿ.